ಬೈಕ್‌ನಲ್ಲಿ ಹೋಗಿ ಪಿಯಾನೊ ಟ್ಯೂನ್ ಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತಂಬೂರಿ ಶ್ರುತಿ ಕೆಟ್ಟರೆ ಬಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಬಹುದು. ಪಿಯಾನೊ ಹಾಗಲ್ಲ. ಒಂದು ಅಪ್‌ರೈಟ್ ಪಿಯಾನೊ 200 ಕಿಲೋ ಮೇಲೆ ತೂಗುತ್ತದೆ, ನಾಲ್ಕು ಜನ ಸೇರಿ ಮೆಟ್ಟಿಲು ಇಳಿಸುವಷ್ಟರಲ್ಲಿ ಎಲ್ಲರಿಗೂ ಮನೆದೇವರ ನೆನಪಾಗಿರುತ್ತದೆ. ಅದಕ್ಕೇ ಟ್ಯೂನರೇ ಮನೆಗೆ ಹೋಗಬೇಕು. ಬೆಂಗಳೂರಿನಲ್ಲಿ ಬೆಳಿಗ್ಗೆ ಕುಕ್ ಟೌನ್, ಮಧ್ಯಾಹ್ನ ವೈಟ್‌ಫೀಲ್ಡ್ ಅಂತ ಎರಡು ಕಡೆ ಮುಗಿಸಬೇಕಾದರೆ ಕಾರು ತೆಗೆದವನು ಕೆಟ್ಟ. ಬೈಕೇ ಸರಿ.

ಆದರೆ ಬೈಕ್ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಸಾಮಾನು ಹೇಗೆ ಸಾಗಿಸ್ತೀರಾ ಅಂತ. ಅದು ಸುಲಭದ ಭಾಗ. ಕಷ್ಟ ಇರುವುದು ಕಿವಿ ಮತ್ತು ಕೈಯನ್ನು ಸರಿಯಾದ ಸ್ಥಿತಿಯಲ್ಲಿ ತಲುಪಿಸುವುದರಲ್ಲಿ. ಇದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ದಿನದ ಎರಡನೇ ಪಿಯಾನೊ ಯಾಕೆ ಮೊದಲನೆಯದರಷ್ಟು ಚೆನ್ನಾಗಿ ಬರುವುದಿಲ್ಲ ಅಂತ ಸುಮ್ನೆ ಪಿಯಾನೊವನ್ನೇ ಬೈಯುತ್ತಿದ್ದೆ.

ಮೊದಲು ಬೈಕು

100ರಿಂದ 125 ಸಿಸಿಯ ಸಾಧಾರಣ ಬೈಕ್ ಸಾಕು. ಸ್ಪ್ಲೆಂಡರ್, ಶೈನ್, ಅಂಥದ್ದು. ಹಗುರ ಇರುತ್ತದೆ, ಸಂದಿಯಲ್ಲಿ ತಿರುಗುತ್ತದೆ, ಎಲ್ಲಿ ಕೆಟ್ಟರೂ ಪಕ್ಕದ ಗ್ಯಾರೇಜಿನ ಹುಡುಗನಿಗೆ ಅದರ ಒಳಹೊರಗೆಲ್ಲ ಗೊತ್ತಿರುತ್ತದೆ. ಹಳೆಯ ಬುಲೆಟ್ ನನಗೂ ಇಷ್ಟ. ಆದರೆ ಅದರ ಹ್ಯಾಂಡಲ್ ಹಿಡಿದು ಒಂದು ಗಂಟೆ ಓಡಿಸಿ ಇಳಿದರೆ ಬೆರಳುಗಳಲ್ಲಿ ಜುಮ್ಮು ಹಿಡಿದಿರುತ್ತದೆ. ಆ ಬೆರಳಲ್ಲಿ ಟ್ಯೂನಿಂಗ್ ಲಿವರ್ (ತಂತಿ ಸುತ್ತಿರುವ ಪಿನ್ನನ್ನು ತಿರುಗಿಸುವ ಸಲಕರಣೆ) ಹಿಡಿದರೆ ಪಿನ್ನು ನಿಜವಾಗಿ ತಿರುಗಿತಾ ಅಥವಾ ಸುಮ್ನೆ ತಿರುಚಿಕೊಂಡಿತಾ ಅನ್ನುವುದು ಗೊತ್ತಾಗುವುದಿಲ್ಲ. ಈ ವ್ಯತ್ಯಾಸ ಕೈಗೆ ತಿಳಿಯದಿದ್ದರೆ ಟ್ಯೂನಿಂಗ್ ಒಂದು ವಾರವೂ ನಿಲ್ಲುವುದಿಲ್ಲ.

ಸೆಂಟರ್ ಸ್ಟ್ಯಾಂಡ್ ಇರುವ ಬೈಕನ್ನೇ ನೋಡಿ. ಪಕ್ಕದ ಬಾಕ್ಸ್‌ಗಳಿಂದ ಸಾಮಾನು ತೆಗೆಯುವಾಗ ಬೈಕ್ ನೆಟ್ಟಗೆ ನಿಂತಿರಬೇಕು. ಸ್ಕೂಟರ್ ಆಗುವುದಿಲ್ಲವಾ? ಆಗುತ್ತದೆ. ಆದರೆ ಸೀಟಿನ ಕೆಳಗಿನ ಡಿಕ್ಕಿ ಬೇಸಿಗೆಯಲ್ಲಿ ಒಲೆ ಆಗುತ್ತದೆ. ಅದರ ಕಥೆ ಮುಂದೆ ಇದೆ.

ಫೋನಿನಲ್ಲೇ ಅರ್ಧ ಕೆಲಸ

ಬೈಕ್‌ನಲ್ಲಿ ಇಡೀ ಅಂಗಡಿಯನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಹಾಗಾಗಿ ಏನು ಬೇಕಾಗುತ್ತದೆ ಅಂತ ಹೊರಡುವ ಮುಂಚೆಯೇ ಗೊತ್ತಿರಬೇಕು. ಬುಕ್ ಮಾಡಲು ಫೋನ್ ಮಾಡಿದವರ ಹತ್ತಿರ ಮೂರು ಫೋಟೊ ಕೇಳಿ: ಪಿಯಾನೊದ ಪೂರ್ತಿ ಮುಂಭಾಗ, ಹೆಸರು ಬರೆದಿರುವ ಜಾಗ, ಮೇಲಿನ ಮುಚ್ಚಳ ತೆಗೆದು ಒಳಗಿನದ್ದು. ಮೂರನೆಯದು ಮುಖ್ಯ. ಅದರಲ್ಲಿ ಟ್ಯೂನಿಂಗ್ ಪಿನ್ನಿನ ತಲೆ ಕಾಣುತ್ತದೆ. ಯಮಾಹಾ, ಕವಾಯ್ ತರಹದ ಜಪಾನಿ ಪಿಯಾನೊ ಆದರೆ 2ನೇ ನಂಬರಿನ ಸ್ಟಾರ್ ಟಿಪ್, ಅಂದರೆ ಪಿನ್ನಿನ ಮೇಲೆ ಕೂರುವ ಲಿವರ್ ತುದಿ, ಸಾಕು. ಕಂಟೋನ್ಮೆಂಟ್ ಕಾಲದಿಂದ ಉಳಿದಿರುವ ಇಂಗ್ಲಿಷ್ ಪಿಯಾನೊ ಆದರೆ ಪಿನ್ನಿನ ತಲೆ ಉದ್ದಚೌಕ ಇರಬಹುದು, ಅದಕ್ಕೆ ಬೇರೆ ಟಿಪ್ ಬೇಕು. ಅದಿಲ್ಲದೆ ಹೋದರೆ ಕಾಫಿ ಕುಡಿದು ವಾಪಸ್ ಬರಬೇಕು ಅಷ್ಟೇ. ಡ್ಯಾಂಪರ್ (ಸ್ವರದ ಸದ್ದು ನಿಲ್ಲಿಸುವ ಮೆತ್ತೆ) ತಂತಿಗಳು ಹ್ಯಾಮರ್‌ಗಳ (ತಂತಿಗೆ ಬಡಿಯುವ ಸಣ್ಣ ಸುತ್ತಿಗೆ) ಮುಂದೆ ಪಂಜರದ ಹಾಗೆ ಸಾಲಾಗಿ ನಿಂತಿವೆಯಾ ಅಂತಲೂ ನೋಡಿ. ಹಾಗಿದ್ದರೆ ಪಕ್ಕದ ತಂತಿಯ ಸದ್ದು ತಡೆಯುವ ರಬ್ಬರ್ ತುಂಡು ತೂರಿಸಲು ಜಾಗ ಇರುವುದಿಲ್ಲ, ಕೆಲಸಕ್ಕೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಆಮೇಲೆ ಪ್ರಶ್ನೆಗಳು. ಕೊನೆಯ ಸಲ ಟ್ಯೂನ್ ಮಾಡಿಸಿದ್ದು ಯಾವಾಗ? ತಂತಿ ಹರಿದಿದೆಯಾ? ಯಾವ ಕೀ ಒತ್ತಿದರೆ ಮೇಲೆ ಬರುತ್ತಿಲ್ಲ? ಒಳಗೆ ಇಲಿ ಓಡಾಡಿದ ಸದ್ದು ಇದೆಯಾ? ಕೊನೆಯದನ್ನು ಕೇಳಿದಾಗ ಜನ ನಗುತ್ತಾರೆ. ಇಲಿಗೆ ಪಿಯಾನೊದ ಫೆಲ್ಟ್ (ಒತ್ತಿದ ಉಣ್ಣೆ) ಅಂದರೆ ರೆಡಿ ಹಾಸಿಗೆ, ನಗುವ ವಿಷಯ ಅಲ್ಲ.

ಬಾಕ್ಸ್ ತುಂಬುವುದು

ಒಂದು ಮಾತು ಮೊದಲೇ ಹೇಳುತ್ತೇನೆ. ಟ್ಯೂನಿಂಗ್ ಲಿವರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್ ಇವನ್ನು ಬೆನ್ನಿನ ಬ್ಯಾಗಿಗೆ ಹಾಕಬೇಡಿ. ಬಿದ್ದರೆ ಆ ಕಬ್ಬಿಣವೆಲ್ಲ ನಿಮ್ಮ ಬೆನ್ನುಮೂಳೆಗೆ ಚುಚ್ಚುತ್ತದೆ. ಬ್ಯಾಗಿನಲ್ಲಿ ಬಟ್ಟೆ, ಟವೆಲ್, ನೀರಿನ ಬಾಟಲಿ ಮಾತ್ರ ಇರಲಿ.

ಭಾರದ ಸಾಮಾನು ಎರಡು ಪಕ್ಕದ ಬಾಕ್ಸ್‌ಗಳಲ್ಲಿ, ತಳದಲ್ಲಿ, ಎರಡೂ ಕಡೆ ಸಮ ತೂಕವಾಗಿ ಇರಬೇಕು. ಹಿಂದಿನ ಟಾಪ್ ಬಾಕ್ಸ್‌ನಲ್ಲಿ ಭಾರ ಇಟ್ಟರೆ ಹಿಂಚಕ್ರದ ಆಚೆಗೆ ತೂಕ ಬಿದ್ದು ಹ್ಯಾಂಡಲ್ ಓಲಾಡುತ್ತದೆ. ಅಲ್ಲಿ ಹಗುರದ್ದು ಮಾತ್ರ. ರಬ್ಬರ್ ಹಗ್ಗದಲ್ಲಿ ಸೀಟಿಗೆ ಕಟ್ಟುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಾನು ಹೀಗೆ ಕಟ್ಟಿಕೊಂಡು ಹೋಗಿ ಹೆಬ್ಬಾಳ ಫ್ಲೈಓವರ್ ಮೇಲೆ ಫೆಲ್ಟ್ ಪಟ್ಟಿ ಇದ್ದ ಚೀಲ ಕಳೆದುಕೊಂಡಿದ್ದೇನೆ. ಹಿಂತಿರುಗಿ ನೋಡಿದರೆ ಅದರ ಮೇಲೆ ಆಗಲೇ ಎರಡು ಬಸ್ಸು ಹೋಗಿತ್ತು.

ನನ್ನ ಬಲಗಡೆ ಬಾಕ್ಸ್‌ನಲ್ಲಿ ದಪ್ಪ ಕ್ಯಾನ್ವಾಸಿನ ಒಂದು ರೋಲ್ ಇದೆ. ಶಿವಾಜಿನಗರದಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಹೊಲಿಸಿದ್ದು. ಒಂದೊಂದು ಉಪಕರಣಕ್ಕೂ ಒಂದೊಂದು ಜೇಬು: ಲಿವರ್, ಅದರ ಎರಡು ಟಿಪ್, ಎರಡು ಸ್ಕ್ರೂಡ್ರೈವರ್, ಉದ್ದ ಚಿಮಟ, ಕೀ ಬಿಗಿಯಾದರೆ ಸಡಿಲಿಸುವ ಇಕ್ಕಳ, ಹ್ಯಾಮರ್ ಚುಚ್ಚುವ ಸೂಜಿ. ಜೇಬು ಯಾಕೆ ಅಂದರೆ, ಗುಂಡಿ ಬಿದ್ದ ರಸ್ತೆಯಲ್ಲಿ ಎರಡು ಲೋಹದ ವಸ್ತು ಒಂದಕ್ಕೊಂದು ತಗಲುತ್ತಾ ಹೋದರೆ ಸಂಜೆ ಹೊತ್ತಿಗೆ ಎರಡೂ ಹಾಳು. ಶ್ರುತಿ ಕವಲು, ಅಂದರೆ ಟ್ಯೂನಿಂಗ್ ಫೋರ್ಕ್, ಇದ್ದರಂತೂ ಇನ್ನೂ ಹುಷಾರು. ಅದರ ತುದಿಯಲ್ಲಿ ಒಂದು ಚೂರು ಲೋಹ ಹಾರಿಹೋದರೂ ಶ್ರುತಿ ಬದಲಾಗುತ್ತದೆ.

ಎಡಗಡೆ ಬಾಕ್ಸ್‌ನಲ್ಲಿ ತಂತಿ. 13ರಿಂದ 18 ನಂಬರಿನವರೆಗಿನ ಸುರುಳಿಗಳು, ಒಂದೊಂದಕ್ಕೂ ಬೇರೆ ಜಿಪ್ ಕವರ್, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಎಲ್ಲವೂ ಸೇರಿ ಒಂದು ಹಳೇ ಚಕ್ಕುಲಿ ಡಬ್ಬದಲ್ಲಿ. ಪಿಯಾನೊ ತಂತಿ ಸ್ಪ್ರಿಂಗ್ ಇದ್ದ ಹಾಗೆ, ಕಟ್ಟು ಬಿಚ್ಚಿದರೆ ಮುಖಕ್ಕೇ ಹಾರುತ್ತದೆ, ಆದ್ದರಿಂದ ಸುರುಳಿಗೆ ಮೂರು ಕಡೆ ಕಟ್ಟಿ. ಜೊತೆಗೆ ಸೆಂಟರ್ ಪಿನ್ (ಹ್ಯಾಮರ್ ತಿರುಗುವ ಸಣ್ಣ ಕೀಲು), ಅಂಟು, ಉಪ್ಪುಕಾಗದ, ಬ್ರಷ್, ತಲೆಗೆ ಕಟ್ಟುವ ಟಾರ್ಚ್. ಎಲ್ಲ ಸೇರಿ 6–7 ಕಿಲೋ ದಾಟದ ಹಾಗೆ ನೋಡಿಕೊಳ್ಳಿ.

ರಬ್ಬರ್ ಮ್ಯೂಟ್‌ಗಳನ್ನು, ಅಂದರೆ ತಂತಿಯ ಸದ್ದು ತಡೆಯುವ ಆ ರಬ್ಬರ್ ತುಂಡುಗಳನ್ನು, ಎಣಿಸಿ ಇಡಿ. ನನ್ನವು ಐದು. ಈ ಸಂಖ್ಯೆ ಕೊನೆಯಲ್ಲಿ ಬೇಕಾಗುತ್ತದೆ.

ಇನ್ನು ಬೇಸಿಗೆ. ಬಿಸಿಲಲ್ಲಿ ನಿಂತ ಬೈಕಿನ ಬಾಕ್ಸ್ ಒಳಗೆ ಕೈ ಇಟ್ಟರೆ ಸುಡುತ್ತದೆ. ಇನ್‌ಸ್ಟಂಟ್ ಅಂಟಿನ ಬಾಟಲಿ ಆ ಶಾಖಕ್ಕೆ ಉಬ್ಬಿ, ಮುಚ್ಚಳದ ಸಂದಿಯಿಂದ ಸೋರಿ, ಪಕ್ಕದಲ್ಲಿದ್ದ ಎಲ್ಲವನ್ನೂ ಒಂದೇ ಮುದ್ದೆ ಮಾಡುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ. ಫೋರ್ಕ್‌ಗೂ ಬಿಸಿ ಆಗದು. ಉಕ್ಕಿನ ಫೋರ್ಕ್ ಬಿಸಿ ಆದಂತೆ ಶ್ರುತಿ ಇಳಿಯುತ್ತದೆ. 440 ಹರ್ಟ್ಸ್‌ನ ಫೋರ್ಕ್ 10 ಡಿಗ್ರಿ ಏರಿದರೆ ಸುಮಾರು ಅರ್ಧ ಹರ್ಟ್ಸ್ ಕಡಿಮೆ. ಅರ್ಧ ಹರ್ಟ್ಸ್ ಅಂದರೆ ಈ ಸ್ವರದಲ್ಲಿ 2 ಸೆಂಟ್ (ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರದಲ್ಲಿ ನೂರನೇ ಒಂದು ಭಾಗ ಒಂದು ಸೆಂಟ್). ಏಪ್ರಿಲ್ ಬಿಸಿಲಿನಿಂದ ತೆಗೆದ ಫೋರ್ಕನ್ನು ನೇರವಾಗಿ ಬಳಸಿದರೆ ಮೊದಲ ಸ್ವರವೇ ತಪ್ಪು, ಉಳಿದ 87 ಕೀಗಳೂ ಅದರ ಹಿಂದೆ ಹೋಗುತ್ತವೆ. ತಲುಪಿದ ತಕ್ಷಣ ಅದನ್ನು ತೆಗೆದು ಪಿಯಾನೊ ಮೇಲೆ ಇಟ್ಟುಬಿಡಿ, ನೀವು ತಣ್ಣಗಾಗುವಷ್ಟರಲ್ಲಿ ಅದೂ ಆಗುತ್ತದೆ.

ಟ್ಯೂನಿಂಗ್ ಆ್ಯಪ್ ಬಳಸುವವರು ಆ ಫೋನನ್ನೇ ಹ್ಯಾಂಡಲ್‌ಗೆ ಸಿಕ್ಕಿಸಿ ಮ್ಯಾಪ್ ನೋಡಬೇಡಿ. ಬೈಕಿನ ಅದುರುವಿಕೆಯಿಂದ ಐಫೋನ್ ಕ್ಯಾಮೆರಾ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಹೇಳಿದೆ. ಫೋನ್ ಎದೆ ಜೇಬಿನಲ್ಲಿರಲಿ. ದಾರಿಯನ್ನು ಹೊರಡುವ ಮುಂಚೆ ನೋಡಿಕೊಳ್ಳಿ.

ಬೈಕ್ ಮೇಲೆ ಬರಬಾರದ ವಸ್ತುವೂ ಇದೆ: ಪಿಯಾನೊದ ಆ್ಯಕ್ಷನ್, ಅಂದರೆ ಹ್ಯಾಮರ್‌ಗಳಿರುವ ಇಡೀ ಚೌಕಟ್ಟು. ವರ್ಕ್‌ಶಾಪಿಗೆ ತರಲೇಬೇಕಾದರೆ ಟಾಟಾ ಏಸ್ ಮಾಡಿ, ಬಾಡಿಗೆಯನ್ನು ಬಿಲ್ಲಿಗೆ ಹಾಕಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅವರ ತೊಡೆ ಮೇಲೆ ಇಟ್ಟುಕೊಂಡು ಬರೋಣ ಅನ್ನುವ ಯೋಚನೆ ನಿಮಗೂ ಬರುತ್ತದೆ. ಬೇಡ.

ದಿನದ ಲೆಕ್ಕ

ಒಂದು ಸಾಮಾನ್ಯ ಟ್ಯೂನಿಂಗ್‌ಗೆ ಒಂದೂವರೆಯಿಂದ ಎರಡು ಗಂಟೆ. ವರ್ಷಗಟ್ಟಲೆ ಮುಟ್ಟದ ಪಿಯಾನೊಗೆ ಮೂರು. ದಿನಕ್ಕೆ ಎರಡೇ ತೆಗೆದುಕೊಳ್ಳಿ, ಎರಡೂ ಊರಿನ ಒಂದೇ ಕಡೆ ಇರಲಿ. ಸೋಮವಾರ ಫ್ರೇಜರ್ ಟೌನ್, ಕಾಕ್ಸ್ ಟೌನ್ ಸುತ್ತಮುತ್ತ, ಮಂಗಳವಾರ ಬನ್ನೇರುಘಟ್ಟ ರಸ್ತೆ, ಹೀಗೆ. ಒಂದೇ ದಿನ ಆ ತುದಿಗೂ ಈ ತುದಿಗೂ ಒಪ್ಪಿಕೊಂಡರೆ ಸಿಲ್ಕ್ ಬೋರ್ಡ್‌ನಲ್ಲೇ ದಿನ ಮುಗಿಯುತ್ತದೆ. ಕಷ್ಟದ ಪಿಯಾನೊ ಬೆಳಿಗ್ಗೆಯೇ ಇರಲಿ, ಕಿವಿ ಹೊಸದಾಗಿರುತ್ತದೆ. ಮೇ ತಿಂಗಳಲ್ಲಿ ಇನ್ನೊಂದು ಕಾರಣವೂ ಇದೆ. ಸಂಜೆ ನಾಲ್ಕರ ಮೇಲೆ ಮಳೆ ಯಾವಾಗ ಬೇಕಾದರೂ ಹೊಡೆಯುತ್ತದೆ.

ಕಿವಿ

ಹೆಲ್ಮೆಟ್ ಹಾಕಿದರೆ ಸದ್ದು ಕಡಿಮೆ ಅಂತ ಅಂದುಕೊಂಡಿದ್ದೀರಾ? ನಾನೂ ಅಂದುಕೊಂಡಿದ್ದೆ. ಹೆಲ್ಮೆಟ್ ತಲೆಯನ್ನು ಉಳಿಸುತ್ತದೆ, ಕಿವಿಯನ್ನಲ್ಲ. ಸ್ವಲ್ಪ ವೇಗ ಹಿಡಿದ ಮೇಲೆ ಎಂಜಿನ್ ಸದ್ದಿಗಿಂತ ಗಾಳಿಯ ಸದ್ದೇ ಜೋರು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗೆ ಅದು 90 ಡೆಸಿಬೆಲ್ ದಾಟುತ್ತದೆ. ಕೆಲಸದ ಜಾಗದ ಸದ್ದಿಗೆ ಒಂದು ಲೆಕ್ಕ ಇದೆ: 85 ಡೆಸಿಬೆಲ್ ಆದರೆ 8 ಗಂಟೆವರೆಗೆ ಪರವಾಗಿಲ್ಲ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ಮೈಸೂರು ರಸ್ತೆಯಲ್ಲಿ ಒಂದು ಗಂಟೆ ಗಾಳಿಗೆ ಕಿವಿ ಕೊಟ್ಟು ಬಂದವನ ದಿನದ ಪಾಲು ಅಲ್ಲಿಗೇ ಖಾಲಿ. ಆಮೇಲೆ ಅವನು ಕೂತು ಪಿಯಾನೊದ ಕೊನೆಯ ಎತ್ತರದ ಸ್ವರಗಳನ್ನು ಜೋರಾಗಿ ಕುಟ್ಟುತ್ತಾ ಕೇಳಬೇಕು.

ಸದ್ದಿಗೆ ದಣಿದ ಕಿವಿ ಸ್ವಲ್ಪ ಹೊತ್ತು ಮಂದ ಆಗುತ್ತದೆ. ಆಗ ಮೊದಲು ತಪ್ಪಿಸಿಕೊಳ್ಳುವುದು ಸೂಕ್ಷ್ಮವಾದ ಅಲೆಗಳು. ಒಂದು ಸ್ವರಕ್ಕೆ ಮೂರು ತಂತಿ ಇರುತ್ತವಲ್ಲ, ಅವುಗಳ ನಡುವೆ ಕೂದಲೆಳೆ ವ್ಯತ್ಯಾಸ ಇದ್ದರೂ 'ವೋಂ... ವೋಂ' ಅಂತ ನಿಧಾನಕ್ಕೆ ಏರಿಳಿಯುತ್ತದೆ. ದಣಿದ ಕಿವಿಗೆ ಅದು ಸರಿ ಇದೆ ಅನ್ನಿಸುತ್ತದೆ. ಮಾರನೇ ದಿನ ಮನೆಯವರು ಫೋನ್ ಮಾಡುತ್ತಾರೆ.

ಇದಕ್ಕೆ ಉಪಾಯ ತುಂಬಾ ಅಗ್ಗ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮೆತ್ತನೆಯ ಫೋಮ್ ಇಯರ್‌ಪ್ಲಗ್. ಹಾಡು ಕೇಳುವ ಇಯರ್‌ಫೋನ್ ಅಲ್ಲ, ಅದು ಗಾಡಿ ಮೇಲೆ ಬೇಡವೇ ಬೇಡ. ಫೋಮನ್ನು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ. ಹಾರ್ನ್ ಕೇಳಿಸುತ್ತದೆ, ಆಂಬುಲೆನ್ಸ್ ಕೇಳಿಸುತ್ತದೆ, ಗಾಳಿಯ ಮೊರೆತ ಮಾತ್ರ ಹೋಗುತ್ತದೆ. ಊರೊಳಗೆ ನಿಧಾನಕ್ಕೆ ಹೋಗುವಾಗ ನಾನು ಪೂರ್ತಿ ಮುಚ್ಚುವ ಫೋಮ್ ಹಾಕುವುದಿಲ್ಲ. ಸದ್ದನ್ನು ಸ್ವಲ್ಪವೇ ತಗ್ಗಿಸುವ ಇನ್ನೊಂದು ಬಗೆ ಇದೆ, ಸಂಗೀತಗಾರರು ಹಾಕಿಕೊಳ್ಳುವಂಥದ್ದು, ಅದು ಸಾಕು. ಅದನ್ನೇ ಟ್ಯೂನ್ ಮಾಡುವಾಗಲೂ ಬಳಸಬಹುದು.

ಹೆಲ್ಮೆಟ್ ಐಎಸ್ಐ ಗುರುತಿನದ್ದು, ಕೆನ್ನೆಗೆ ಬಿಗಿಯಾಗಿ ಕೂರುವಂಥದ್ದು ಇರಲಿ. ಕೆಳಗಿನ ಸಂದಿಯಿಂದಲೇ ಗಾಳಿ ನುಗ್ಗುವುದು. ಕುತ್ತಿಗೆಗೆ ಒಂದು ಬಟ್ಟೆ ಸುತ್ತಿದರೆ ಅರ್ಧ ಸದ್ದು ಹೋದ ಹಾಗೆ ಅನ್ನಿಸುತ್ತದೆ.

ಮನೆ ತಲುಪಿದ ಮೇಲೆ

ಕಾಲು ಗಂಟೆ ಮುಂಚೆ ತಲುಪಿ. ಅಪಾರ್ಟ್‌ಮೆಂಟ್ ಆದರೆ ಗೇಟಿನಲ್ಲಿ ಎಂಟ್ರಿ, ವಿಸಿಟರ್ ಪಾರ್ಕಿಂಗ್ ಹುಡುಕುವುದು, ಸರ್ವಿಸ್ ಲಿಫ್ಟ್‌ಗೆ ಕಾಯುವುದು, ಇದಕ್ಕೆಲ್ಲ ಕಾಲು ಗಂಟೆ ಹೋಗುತ್ತದೆ. ಎಲ್ಲ ಸಾಮಾನನ್ನೂ ಒಂದೇ ಸಲ ಮೇಲೆ ಒಯ್ಯಿರಿ. ತಂತಿ ಬೇಕಾದಾಗ ಹನ್ನೊಂದನೇ ಮಹಡಿಯಿಂದ ಇಳಿದು ಬರುವುದು ಬೇಜಾರಿನ ಕೆಲಸ.

ಒಳಗೆ ಹೋದ ತಕ್ಷಣ ಲಿವರ್ ಹಿಡಿಯಬೇಡಿ. ಕೈ ತೊಳೆದು ಒರೆಸಿಕೊಳ್ಳಿ. ಕೈಯ ಬೆವರು ತಂತಿಗೆ ತಗಲಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ. "ಕಾಫಿ ತಗೊಳ್ತೀರಾ?" ಅಂದರೆ ಸಂಕೋಚಪಡದೆ ಹೂಂ ಅನ್ನಿ. ಆ ಹದಿನೈದು ನಿಮಿಷ ಕಿವಿ, ಬೆರಳು ಎರಡಕ್ಕೂ ಬೇಕು. ಲೋಟವನ್ನು ಪಿಯಾನೊ ಮೇಲೆ ಮಾತ್ರ ಇಡಬೇಡಿ, ಮನೆಯವರು ಇಟ್ಟರೂ ತೆಗೆಯಿರಿ. ಈ ಹೊತ್ತಿನಲ್ಲಿ ಸುಮ್ನೆ ಕೂರದೆ ಸದ್ದಾಗದ ಕೆಲಸ ಮಾಡಿ: ಮುಂದಿನ ಹಲಗೆ ಬಿಚ್ಚಿ, ಧೂಳು ಹೊಡೆಯಿರಿ, ಕೆಳಗಿನ ಹಲಗೆ ತೆಗೆದು ಪೆಡಲ್ ನೋಡಿ, ತೇವಾಂಶದ ಮೀಟರ್ ಒಂದು ಮೂಲೆಯಲ್ಲಿಡಿ.

ಆಮೇಲೆ ಫ್ಯಾನ್. ಇದನ್ನು ಮಾತ್ರ ಮರೆಯಬೇಡಿ.

"ಮೇಡಂ, ಫ್ಯಾನ್ ಆಫ್ ಮಾಡಬಹುದಾ?"

"ಅಯ್ಯೋ, ಬಿಸಿಲಲ್ಲಿ ಬಂದಿದ್ದೀರಾ, ಸೆಖೆ ಆಗಲ್ವಾ?"

ಆಗುತ್ತದೆ. ಆದರೆ ತಿರುಗುವ ಸೀಲಿಂಗ್ ಫ್ಯಾನಿನ ರೆಕ್ಕೆಗಳು ಸದ್ದನ್ನು ಕತ್ತರಿಸಿ ಕತ್ತರಿಸಿ ವಾಪಸ್ ಕಳಿಸುತ್ತವೆ. ಸ್ವರದಲ್ಲಿ ಇಲ್ಲದ ಅಲೆ ಕೇಳಿಸಲು ಶುರುವಾಗುತ್ತದೆ. ಅದು ಪಿಯಾನೊದ ಅಲೆಯಾ, ಫ್ಯಾನಿನ ಅಲೆಯಾ ಗೊತ್ತಾಗದೆ ನೀವು ಸರಿ ಇದ್ದ ತಂತಿಯನ್ನೇ ಎಳೆಯುತ್ತಾ ಕೂರುತ್ತೀರಿ. ಬಿಸಿಲಲ್ಲಿ ಬಂದವನಿಗೆ ಫ್ಯಾನ್ ಬೇಕು ಅನ್ನಿಸುವುದು ಸಹಜ, ಅದಕ್ಕೇ ಕಾಫಿ ಹೊತ್ತಿನಲ್ಲೇ ಬೇಕಾದಷ್ಟು ಗಾಳಿ ತಗೊಂಡುಬಿಡಿ. ಕುಕ್ಕರ್, ಮಿಕ್ಸಿ ಬಗ್ಗೆ ಕೂಡ ಆಗಲೇ ಹೇಳಿ. ಜನ ಒಳ್ಳೆಯವರು, ಮೊದಲೇ ಹೇಳಿದರೆ ಚಟ್ನಿ ಮುಂಚೆ ರುಬ್ಬಿ ಮುಗಿಸುತ್ತಾರೆ.

ಟ್ಯೂನಿಂಗ್

ಇದು ಟ್ಯೂನಿಂಗ್ ಕಲಿಸುವ ಪಾಠ ಅಲ್ಲ, ಬೈಕಿನಿಂದ ಇಳಿದು ಬಂದವರು ಯಾವ ಕ್ರಮದಲ್ಲಿ ಹೋದರೆ ಒಳ್ಳೆಯದು ಅಂತ ಮಾತ್ರ ಹೇಳುತ್ತೇನೆ.

ಮೊದಲು ಎ ಸ್ವರವನ್ನು 440ಕ್ಕೆ ಹೋಲಿಸಿ ನೋಡಿ. 20 ಸೆಂಟ್‌ಗಿಂತ ಜಾಸ್ತಿ ಇಳಿದಿದ್ದರೆ ಒಂದೇ ಸಲಕ್ಕೆ ಆಗುವುದಿಲ್ಲ. ಸುಮಾರು 230 ತಂತಿಗಳು ಸೇರಿ 18–20 ಟನ್ ಎಳೆತ ಹೊತ್ತಿರುತ್ತವೆ, ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಇಳಿಯುತ್ತದೆ. ಮೊದಲು ಒರಟಾಗಿ ಒಂದು ಸುತ್ತು ಏರಿಸಿ, ಆಮೇಲೆ ನಿಜವಾದ ಟ್ಯೂನಿಂಗ್. ನಮಗೆ ಇದರಲ್ಲಿ ಒಂದು ಲಾಭವೂ ಇದೆ: ಒರಟು ಸುತ್ತಿಗೆ ಸೂಕ್ಷ್ಮ ಕಿವಿ ಬೇಡ. ದಾರಿಯ ದಣಿವು ಆ ಸುತ್ತಿನಲ್ಲೇ ಇಳಿದುಹೋಗುತ್ತದೆ. ತುಕ್ಕು ಹಿಡಿದ ಹಳೇ ತಂತಿ ಇದ್ದರೆ ಏರಿಸುವ ಮುಂಚೆ ಒಂದು ಚೂರು ಇಳಿಸಿ. ಟಿಕ್ ಅಂತ ತುಕ್ಕಿನ ಹಿಡಿತ ಬಿಟ್ಟ ಮೇಲೆ ಏರಿಸಿದರೆ ಹರಿಯುವ ಸಾಧ್ಯತೆ ಕಡಿಮೆ.

ಏರಿಸುವ ಕೆಲಸ ಇಲ್ಲದಿದ್ದರೆ ಮಧ್ಯದ ಆಕ್ಟೇವ್‌ನಿಂದ, ಅಂದರೆ ಮಧ್ಯ ಸ್ಥಾಯಿಯಿಂದ, ಶುರು ಮಾಡಿ. ಎ–ಇ ಅಂತರ, ನಮ್ಮ ಲೆಕ್ಕದಲ್ಲಿ ಷಡ್ಜ-ಪಂಚಮ, ಪಿಯಾನೊದಲ್ಲಿ ಪೂರ್ತಿ ಶುದ್ಧವಾಗಿ ಸೇರಬಾರದು. 440ರ ಕೆಳಗಿನ ಎ ಇಂದ ಅದರ ಮೇಲಿನ ಇ ವರೆಗೆ 4 ಸೆಕೆಂಡಿಗೆ ಸುಮಾರು 3 ಅಲೆ ಬರಬೇಕು. ತಂಬೂರಿ ಕಿವಿಯವರಿಗೆ ಇದು ಮೊದಮೊದಲು ಹಿಂಸೆ, ಪಂಚಮವನ್ನು ಶುದ್ಧ ಮಾಡಿಬಿಡಲು ಕೈ ತುರಿಸುತ್ತದೆ. ಈ ನಿಧಾನದ ಅಲೆಯನ್ನು ನಾನು ಪರೀಕ್ಷೆ ಮಾಡಿಕೊಳ್ಳಲು ಬಳಸುತ್ತೇನೆ. ಆ 3 ಅಲೆ ಸಲೀಸಾಗಿ ಎಣಿಸಲು ಆಗದಿದ್ದರೆ ನನ್ನ ಕಿವಿ ಇನ್ನೂ ರಸ್ತೆ ಮೇಲೇ ಇದೆ ಅಂತ ಅರ್ಥ. ಆಗ ಎದ್ದು ಯಾವುದಾದರೂ ಅಂಟಿಕೊಂಡ ಕೀ ಸರಿ ಮಾಡುತ್ತೇನೆ, ಹತ್ತು ನಿಮಿಷ ಬಿಟ್ಟು ಮತ್ತೆ ಕೂರುತ್ತೇನೆ.

ಮಳೆಗಾಲ

ಬೆಂಗಳೂರಿನ ಗಾಳಿ ಮಾರ್ಚ್ ಮಧ್ಯಾಹ್ನ 30% ತೇವಾಂಶದ ಆಸುಪಾಸಿಗೆ ಇಳಿಯುತ್ತದೆ, ಜುಲೈ-ಆಗಸ್ಟ್ ಬೆಳಿಗ್ಗೆ 80 ದಾಟುತ್ತದೆ. ಮರ ಉಬ್ಬುತ್ತದೆ, ಸೌಂಡ್‌ಬೋರ್ಡ್ (ತಂತಿಯ ಸದ್ದನ್ನು ದೊಡ್ಡದು ಮಾಡುವ ಹಲಗೆ) ಮೇಲೇಳುತ್ತದೆ, ಮಧ್ಯದ ಸ್ವರಗಳು ಏರುತ್ತವೆ, ಕೀಗಳು ಅಂಟಿಕೊಳ್ಳುತ್ತವೆ. ಅಂದರೆ ನಮಗೆ ಕರೆ ಜಾಸ್ತಿ ಬರುವುದೂ, ರಸ್ತೆಯಲ್ಲಿ ನೆನೆಯುವುದೂ ಒಂದೇ ಕಾಲದಲ್ಲಿ.

ಬಾಕ್ಸ್ ವಾಟರ್‌ಪ್ರೂಫ್ ಅಂತ ಅಂಗಡಿಯವರು ಹೇಳಿದರೆ ತಲೆ ಆಡಿಸಿ, ಆದರೆ ನಂಬಬೇಡಿ. ಒಳಗೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಕವರ್ ಇರಲೇಬೇಕು. ಮೊದಲು ಕಾಪಾಡಬೇಕಾದ್ದು ಫೆಲ್ಟ್ ಪಟ್ಟಿ. ನೆನೆದ ಫೆಲ್ಟನ್ನು ತಂತಿಗಳ ನಡುವೆ ಸಿಕ್ಕಿಸಿದರೆ ಗಿರಾಕಿಯ ಪಿಯಾನೊಗೆ ನಾವೇ ತುಕ್ಕು ಕೊಟ್ಟ ಹಾಗೆ. ರೈನ್‌ಕೋಟ್ ಬಾಗಿಲ ಹೊರಗೇ ಬಿಚ್ಚಿ. ಒಣ ಶರ್ಟು, ಒಂದು ಜೊತೆ ಸಾಕ್ಸ್, ಟವೆಲ್ ಸದಾ ಜೊತೆಯಲ್ಲಿರಲಿ. ತೊಟ್ಟಿಕ್ಕುವ ತಲೆಯಲ್ಲಿ ಪಿಯಾನೊ ಒಳಗೆ ಬಗ್ಗುವವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ.

ಮಳೆ ಜೋರಾದರೆ ನಿಲ್ಲಿಸಿ, ಫೋನ್ ಮಾಡಿ ಹೇಳಿ. ಅಂಡರ್‌ಪಾಸ್ ನೀರಿಗೆ ಇಳಿಯಬೇಡಿ.

ಊರಾಚೆ

ಮೈಸೂರಿಗೆ ಹೋಗುವವರು ಗಮನಿಸಿ: ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರಾಮನಗರ, ಚನ್ನಪಟ್ಟಣ, ಮದ್ದೂರು ಅಂತ ನಿಂತು ನಿಂತು ಹೋಗುವುದರಿಂದ ಸಮಯ ಜಾಸ್ತಿ ಇಟ್ಟುಕೊಳ್ಳಿ. ಮದ್ದೂರಿನಲ್ಲಿ ವಡೆ ತಿನ್ನದೆ ಹೋಗುವವರು ಇದ್ದರೆ ಅವರಿಗೆ ನನ್ನ ಸಲಹೆ ಏನೂ ಇಲ್ಲ. ಮೈಸೂರಿಗೂ ಪಿಯಾನೊಗೂ ಹಳೇ ನಂಟು. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ನುಡಿಸುತ್ತಿದ್ದರು. ರಷ್ಯದ ಸಂಗೀತಗಾರ ಮೆಡ್ಟ್ನರ್ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರೂ ಅವರೇ.

ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳಿಗೆ ಹೋಗುವುದಾದರೆ ಅದೇ ದಿನ ವಾಪಸ್ ಬರುವ ಯೋಚನೆ ಬೇಡ. ಮುಂಚಿನ ಸಂಜೆ ತಲುಪಿ, ನಿದ್ದೆ ಮಾಡಿ, ಬೆಳಿಗ್ಗೆ ಕೆಲಸ ಮಾಡಿ. ಅಲ್ಲಿನ ಪಿಯಾನೊ ಕೆಳಗಿನ ಹಲಗೆ ತೆಗೆದರೆ ಒಂದು ಸಣ್ಣ ಬಲ್ಬ್ ಉರಿಯುತ್ತಿರುವುದು ಕಾಣಬಹುದು. ತೇವ ಓಡಿಸಲು ಹಿಂದಿನವರು ಮಾಡಿದ ಉಪಾಯ ಅದು, ಜೊತೆಗೆ ನುಸಿಗುಳಿಗೆ ಪೊಟ್ಟಣ. ಬಲ್ಬು ಮರಕ್ಕೋ ಫೆಲ್ಟಿಗೋ ತಗಲದ ಹಾಗೆ ಇದೆಯಾ, ವೈರ್ ಇಲಿ ಕಡಿದಿದೆಯಾ ನೋಡಿ. ದಪ್ಪ ತಾಮ್ರ ಸುತ್ತಿದ ಬಾಸ್ ತಂತಿ ಹರಿದಿದ್ದರೆ ಎರಡೂ ತುಂಡನ್ನು ಕಾಗದದಲ್ಲಿ ಸುತ್ತಿ, ಸ್ವರದ ಹೆಸರು ಬರೆದು ತನ್ನಿ. ಹೊಸದನ್ನು ಅದೇ ಅಳತೆಗೆ ಸುತ್ತಿಸಬೇಕು.

ಹೊರಡುವ ಮುಂಚೆ

ರೋಲ್ ಬಿಡಿಸಿ ಹರಡಿ, ಯಾವ ಜೇಬು ಖಾಲಿ ಇದೆ ನೋಡಿ. ಮ್ಯೂಟ್ ಎಣಿಸಿ. ನಾಲ್ಕು ಇದ್ದರೆ ಐದನೆಯದು ಪಿಯಾನೊ ಒಳಗೇ ಇದೆ, ಹಲಗೆ ಮತ್ತೆ ಬಿಚ್ಚಿ. ನಾನು ಒಮ್ಮೆ ಎಣಿಸದೆ ಹೊರಟೆ. ಅರ್ಧ ದಾರಿಯಲ್ಲಿ ಫೋನ್ ಬಂತು, "ಅಂಕಲ್, ಒಂದು ಕೀ ಸೌಂಡೇ ಬರ್ತಿಲ್ಲ" ಅಂತ, ಎಂಟು ವರ್ಷದ ಹುಡುಗಿ. ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಯೂ-ಟರ್ನ್ ಹೊಡೆದು ಹೋಗುವಷ್ಟರಲ್ಲಿ ಒಂದು ಗಂಟೆ ಆಗಿತ್ತು. ಬಾಗಿಲು ತೆರೆದವಳ ಕೈಯಲ್ಲಿ ಆ ಕಪ್ಪು ರಬ್ಬರ್ ತುಂಡು ಇತ್ತು, ಟಾರ್ಚ್ ಹಾಕಿ ಅವಳೇ ಹುಡುಕಿ ತೆಗೆದಿದ್ದಳು.

ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ತಾರೀಖು, ಬಂದಾಗ ಎಷ್ಟು ಸೆಂಟ್ ಇಳಿದಿತ್ತು, ಕೋಣೆಯ ತೇವಾಂಶ ಎಷ್ಟು, ಯಾವ ತಂತಿ ಹೊಸದು. ಮುಂದಿನ ಸಲ ಫೋನಿನಲ್ಲೇ ಅದನ್ನು ಓದಿ ಹೇಳಲು ಮನೆಯವರಿಗೆ ಹೇಳಿದರೆ ಬಾಕ್ಸ್‌ಗೆ ಏನು ಹಾಕಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ಕೆಳಗೆ ಇಳಿದು, ಇಯರ್‌ಪ್ಲಗ್ ಹಾಕಿಕೊಂಡು, ಎರಡೂ ಬಾಕ್ಸ್‌ಗಳ ಬೀಗವನ್ನು ಒಮ್ಮೆ ಎಳೆದು ನೋಡಿ ಗಾಡಿ ಸ್ಟಾರ್ಟ್ ಮಾಡಿ.